ಬಿತ್ತನೆ ಬೀಜ ಯಾರ ಸೊತ್ತು?



ಹೊಳಲ್ಕೆರೆ ಸೀಮೆಯಲ್ಲಿ ನಮ್ಮ ಅಜ್ಜಿಯರು ಒಳ್ಳೆಯ ತೆನೆ ಆರಿಸಿ, ಬೂದಿ, ಬೇವಿನ ಸೊಪ್ಪು ಬೆರೆಸಿ ಬೀಜ ಕಾಪಾಡುತ್ತಿದ್ದರು. ಪಕ್ಕದ ಮನೆಗೆ ಒಂದು ಸೇರು ಕೊಟ್ಟು ಸುಗ್ಗಿಯಲ್ಲಿ ವಾಪಸ್ ಪಡೆಯುತ್ತಿದ್ದರು. ಇಂದು ಮೆಕ್ಕೆಜೋಳ, ಹತ್ತಿ ಅಂದರೆ ಅಂಗಡಿ ಪ್ಯಾಕೆಟ್ಟೇ ಗತಿ. ಮೇಲಾಗಿ "ಕಂಪನಿ ಬೀಜ ಎತ್ತಿಟ್ಟುಕೊಂಡ್ರೆ ಕೇಸ್ ಹಾಕ್ತಾರಂತೆ" ಅನ್ನೋ ಭಯ ಬೇರೆ. ಇದು ಎಷ್ಟು ನಿಜ?

ಕಾನೂನು ಬಂದದ್ದು ಹೇಗೆ?

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಆರಂಭವಾದಾಗ, ಹೊಸ ಸಸ್ಯ ತಳಿ ಬೆಳೆಸಿದವರಿಗೆ ಕಾನೂನಿನ ರಕ್ಷಣೆ ಕೊಡಬೇಕೆಂಬ ಷರತ್ತು ಸದಸ್ಯ ದೇಶಗಳಿಗೆ ಬಂತು. ಬೀಜ ಕಂಪನಿಗಳ ಪಾಲಾಗುತ್ತದೆಂಬ ಆತಂಕ ನಮ್ಮಲ್ಲಿ ಅದಕ್ಕೂ ಮುಂಚೆಯೇ ಇತ್ತು. 1992ರ ಡಿಸೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಪ್ರತಿಭಟಿಸಿತ್ತು. ಕೊನೆಗೆ 2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂತು. ತಳಿ ಬೆಳೆಸಿದವರಿಗೂ ರೈತರಿಗೂ ಇದರಲ್ಲಿ ಹಕ್ಕಿದೆ. ನಮ್ಮ ಪೇಟೆಂಟ್ ಕಾಯ್ದೆಯಲ್ಲಂತೂ ಬೀಜಕ್ಕೆ ಪೇಟೆಂಟ್ ಇಲ್ಲ.

ನಮ್ಮ ಹಕ್ಕುಗಳು

1. ನೋಂದಾಯಿತ ತಳಿಯಾದರೂ ರೈತರು ತಾವು ಬೆಳೆದ ಬೀಜವನ್ನು ಉಳಿಸಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಬಹುದು. ಆದರೆ ಆ ತಳಿಯ ಹೆಸರಿನ ಲೇಬಲ್ ಹಚ್ಚಿ, ಪ್ಯಾಕೆಟ್ ಮಾಡಿ ಮಾರುವಂತಿಲ್ಲ. (39ನೇ ಕಲಂ)

2. ನೋಂದಾಯಿತ ತಳಿ ಹೇಳಿದಷ್ಟು ಫಲ ಕೊಡದಿದ್ದರೆ ಪರಿಹಾರ ಕೇಳಬಹುದು.

3. ಇಂಥ ಹಕ್ಕು ಇದೆಯೆಂದು ಗೊತ್ತಿಲ್ಲದೆ ಮೀರಿದ ರೈತನನ್ನು ತಪ್ಪಿತಸ್ಥನೆಂದು ಪರಿಗಣಿಸುವಂತಿಲ್ಲ. (42ನೇ ಕಲಂ)

4. ನಾವು ಕಾಪಾಡಿಕೊಂಡು ಬಂದ ತಳಿಯನ್ನು ನಮ್ಮ ಹೆಸರಲ್ಲೇ ನೋಂದಾಯಿಸಬಹುದು.

ಆದರೂ ಕೇಸ್ ಹಾಕಿದರಲ್ಲ?

ಹೌದು. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಆಲೂಗೆಡ್ಡೆ ತಳಿ ಬೆಳೆದರೆಂದು ಗುಜರಾತಿನ ಕೆಲವು ರೈತರ ಮೇಲೆ ದಾವೆ ಹೂಡಿ, ನಾಲ್ವರಿಂದ ತಲಾ 1 ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತು. ರೈತ ಸಂಘಟನೆಗಳು 39ನೇ ಕಲಂ ಎತ್ತಿ ಹಿಡಿದವು. ಕೆಲವೇ ವಾರಗಳಲ್ಲಿ ಕಂಪನಿ ದಾವೆ ಹಿಂದಕ್ಕೆ ಪಡೆಯಿತು. 2021ರಲ್ಲಿ ಆ ತಳಿಯ ನೋಂದಣಿ ರದ್ದಾಯಿತು. 2024ರಲ್ಲಿ ದೆಹಲಿ ಹೈಕೋರ್ಟ್ ಆ ರದ್ದತಿಯನ್ನು ತಳ್ಳಿಹಾಕಿತು. ಅಂದರೆ ಕಂಪನಿಯ ನೋಂದಣಿ ಉಳಿಯಿತು. ಆದರೆ 39ನೇ ಕಲಮಿನ ರೈತರ ಹಕ್ಕು ಹೋಗಿಲ್ಲ.

ಒಂದು ಮಾತು ನೆನಪಿರಲಿ. ಹೈಬ್ರಿಡ್ ಮೆಕ್ಕೆಜೋಳದ ಬೀಜ ಉಳಿಸಿದರೆ ಕೇಸ್ ಆಗದಿರಬಹುದು, ಇಳುವರಿ ಮಾತ್ರ ಬೀಳುತ್ತದೆ. ಕಾನೂನು ಕೊಟ್ಟ ಹಕ್ಕು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ರಾಗಿ, ಶೇಂಗಾ ಹಾಗಲ್ಲ. ಜಾಗ್ರತೆಯಿಂದ ಆರಿಸಿಟ್ಟರೆ ತಳಿ ಕೆಡುವುದಿಲ್ಲ. ಹಾಗಾಗಿ ನಮ್ಮ ಹಕ್ಕು ಉಳಿಯುವುದು ನಮ್ಮ ಗಡಿಗೆಯಲ್ಲಿ ಬೀಜ ಇದ್ದರೆ ಮಾತ್ರ.

ನಾವೇನು ಮಾಡೋಣ?

ಬೀಜ ಕೊಂಡಾಗ ರಸೀದಿ, ಖಾಲಿ ಚೀಲ, ಲೇಬಲ್ಲನ್ನು ಸುಗ್ಗಿ ಮುಗಿಯುವ ತನಕ ಬಿಸಾಡಬೇಡಿ. ಮೊಳಕೆ ಬಾರದಿದ್ದರೆ ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಡಿ. ಕಂಪನಿಯ ಕರಾರು ಪತ್ರವನ್ನು ಓದಿಸಿ ಕೇಳದೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ನಿಮ್ಮಲ್ಲಿ ಹಳೆಯ ತಳಿ ಇದ್ದರೆ ಸಂಘದ ಸಭೆಗೆ ಒಂದು ಹಿಡಿ ತನ್ನಿ; ಯಾರ ಮನೆಯಲ್ಲಿ ಯಾವ ಬೀಜ ಇದೆ ಅಂತ ಪುಸ್ತಕದಲ್ಲಿ ಬರೆದಿಡೋಣ. ನೋಂದಣಿ ಮಾಡುವ ಪ್ರಾಧಿಕಾರದ ಶಾಖೆ ಶಿವಮೊಗ್ಗದಲ್ಲೇ ಇದೆ.

ಬೀಜ ಕೊಂಡು ತರುವುದು ತಪ್ಪಲ್ಲ. ಕೊಳ್ಳದೆ ಬೇರೆ ದಾರಿಯೇ ಇಲ್ಲ ಅನ್ನುವ ಸ್ಥಿತಿ ಬರಬಾರದು, ಅಷ್ಟೇ.