ಕೂಸಿನ ರಕ್ತವೇ ಹೇಳುವ ಸತ್ಯ

ಹೊಟ್ಟೆಯೊಳಗಿದ್ದಾಗಲೇ ತನಗೆ ಯಾವ ವೈರಾಣು ತಗುಲಿತ್ತು ಎಂಬುದನ್ನು ಆಗಷ್ಟೇ ಹುಟ್ಟಿದ ಕೂಸು ಹೇಳಬಲ್ಲದೇ? ಹೇಳಬಲ್ಲದು! ಅದರ ತುಸು ರಕ್ತ, ತುಸು ಮೂತ್ರ ಸಾಕು.

ಈ ಗುಟ್ಟಿನ ಮೊದಲ ಎಳೆ ಸಿಕ್ಕಿದ್ದು 1941ರಲ್ಲಿ, ಸಿಡ್ನಿಯಲ್ಲಿ. ಎಳೆಗೂಸುಗಳ ಕಣ್ಣಲ್ಲಿ ಸಾಲುಸಾಲಾಗಿ ಪೊರೆ ಕಂಡು ಬೆರಗಾದ ನೇತ್ರವೈದ್ಯ ನಾರ್ಮನ್ ಗ್ರೆಗ್, ತಾಯಂದಿರನ್ನೇ ವಿಚಾರಿಸತೊಡಗಿದರು. ವಿವರ ಕಲೆಹಾಕಿದ 78 ಮಕ್ಕಳ ಪೈಕಿ 68 ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತು! ಮೂರು ದಿನ ಮೈಮೇಲೆ ಕೆಂಪು ದದ್ದು ಎದ್ದು ಮಾಯವಾಗುವ ಆ ಸಣ್ಣ ಕಾಯಿಲೆ, ಕೂಸಿನ ಕಣ್ಣು, ಕಿವಿ, ಹೃದಯ ಮೂರನ್ನೂ ಕೆಡಿಸಬಲ್ಲದು.

ಪತ್ತೆಯ ಬಗೆ ಇನ್ನೂ ಸೋಜಿಗ. ಕತ್ತಲ ಕೋಣೆಯಲ್ಲಿ ವೈದ್ಯರು ಉಪಕರಣದ ಬೆಳಕನ್ನು ಕೂಸಿನ ಕಣ್ಣಿಗೆ ಬಿಟ್ಟರೆ ಪಾಪೆ ಕೆಂಪಗೆ ಹೊಳೆಯಬೇಕು. ಪೊರೆಯಿದ್ದರೆ ಆ ಹೊಳಪು ಮಸುಕು, ಪಾಪೆ ಬೆಳ್ಳಗೆ. ಮುಂದಿನದು ರಕ್ತದ ಸರದಿ. ಐಜಿಜಿ ಎಂಬ ಪ್ರತಿಕಾಯ ಮಾಸುಚೀಲ ದಾಟಿ ತಾಯಿಯಿಂದ ಮಗುವಿಗೆ ಬರುತ್ತದೆ. ಐದು ತುಣುಕು ಸೇರಿದ ದೊಡ್ಡ ಐಜಿಎಂ ದಾಟಲಾರದು. ಕೂಸಿನ ರಕ್ತದಲ್ಲಿ ರುಬೆಲ್ಲಾ ಐಜಿಎಂ ಸಿಕ್ಕಿತೆಂದರೆ ಅದು ಕೂಸೇ ತಯಾರಿಸಿದ್ದು!

ಹೊಟ್ಟೆಯಲ್ಲೇ ಕೂಸಿಗೆ ತಗುಲುವ ಇನ್ನೊಂದು ವೈರಾಣು ಸೈಟೊಮೆಗಾಲೊ. ಅದು ಇನ್ನೂ ಗುಪ್ತ. ಸೋಂಕು ತಗುಲಿದ ಹತ್ತು ಕೂಸುಗಳಲ್ಲಿ ಸುಮಾರು ಒಂಬತ್ತು ಹುಟ್ಟುವಾಗ ಗಟ್ಟಿಮುಟ್ಟಾಗಿಯೇ ಕಾಣುತ್ತವೆ. ಕೆಲವಕ್ಕೆ ಕಿವಿ ಮಂದವಾಗುವುದು ಆಮೇಲೆ. ಮೂತ್ರ ಅಥವಾ ಜೊಲ್ಲಿನ ಪಿಸಿಆರ್ ಪರೀಕ್ಷೆ ಹುಟ್ಟಿದ 21 ದಿನದೊಳಗೆ ಆಗಲೇಬೇಕು. ತಡವಾದರೆ ಸೋಂಕು ಹೊಟ್ಟೆಯಲ್ಲೇ ತಗುಲಿದ್ದೋ, ಹುಟ್ಟಿದ ಮೇಲೆ ಬಂದದ್ದೋ ಬಿಡಿಸಿ ಹೇಳುವುದು ಕಷ್ಟ.

ಪರೀಕ್ಷೆ ದೊಡ್ಡ ಊರಿನ ಪ್ರಯೋಗಾಲಯದಲ್ಲಿ ಆದರೂ ಅನುಮಾನ ಹುಟ್ಟಬೇಕಾದ್ದು ಮನೆಯಲ್ಲಿ, ದೂಧಗಂಗಾ-ವೇದಗಂಗಾ ಸೀಮೆಯ ಭೋಜದಂಥ ಊರಿನ ಬಾಣಂತಿ ಕೋಣೆಯಲ್ಲಿ. ರುಬೆಲ್ಲಾ ಬಾರದಂತೆ ತಡೆಯಲು ಲಸಿಕೆಯೂ ಇದೆ. ದೇಶದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನಕ್ಕೆ 2017ರ ಫೆಬ್ರವರಿ 5ರಂದು ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ಹೆಮ್ಮೆಯ ಮಾತು.

ಭೋಜ, ನಿಪ್ಪಾಣಿ, ಚಿಕ್ಕೋಡಿಯ ತಾಯಂದಿರೇ, ಕೂಸಿನ ಪಾಪೆ ಬೆಳ್ಳಗೆ ಕಂಡರೆ, ಸಪ್ಪಳಕ್ಕೆ ಬೆಚ್ಚದಿದ್ದರೆ, ತಲೆ ತೀರಾ ಸಣ್ಣದಿದ್ದರೆ ಬಾಣಂತನ ಮುಗಿಯಲೆಂದು ಕಾಯಬೇಡಿ; ಆಶಾ ಅಕ್ಕನಿಗೆ ಅಂದೇ ಹೇಳಿ, ಮಕ್ಕಳ ವೈದ್ಯರಿಗೆ ತೋರಿಸಿ. ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ತಪ್ಪದೇ ಹಾಕಿಸಿ.