ರೈಲು ಬಾರದ ಊರು

ಈ ಮಹಾನಗರದಲ್ಲಿ ವಾಸಿಸುವ ನಮಗೆ ರೈಲಿನ ಸದ್ದು ಕಿವಿಗೆ ಬೀಳದ ದಿನವೇ ಇಲ್ಲ. ಆದರೆ ಒಂದು ಊರಿನ ಏಳುಬೀಳುಗಳೆಲ್ಲ ಆ ಸದ್ದನ್ನೇ ಅವಲಂಬಿಸಿದ್ದ ಕಾಲವೊಂದಿತ್ತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಡುವಣ ಬಯಲುಸೀಮೆಯಲ್ಲಿರುವ ನಿಕೊಡೆಮಸ್ ಎಂಬ ಪುಟ್ಟ ಊರಿನ ಚರಿತ್ರೆ ಇದಕ್ಕೆ ಸಾಕ್ಷಿಯಾಗಿದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಬಯಲಿನ ಅನೇಕ ಊರುಗಳು ರೈಲುದಾರಿಯನ್ನು ಹಿಂಬಾಲಿಸಿಯೇ ಹುಟ್ಟಿದವು. ಉಗಿಯಂತ್ರಕ್ಕೆ ಆಗಾಗ ನೀರು ತುಂಬಬೇಕು; ಧಾನ್ಯ ಹೇರಿದ ರೈತನ ಬಂಡಿಯು ನಿಲ್ದಾಣಕ್ಕೆ ಹೋಗಿ ಸಂಜೆಯೊಳಗೆ ಮನೆಗೆ ಮರಳಬೇಕು. ಆದುದರಿಂದ ಕೆಲವು ಮೈಲಿಗಳಿಗೊಂದು ನಿಲ್ದಾಣ, ಅದರ ಸುತ್ತ ಕಣಜ, ಅಂಗಡಿ, ಶಾಲೆಗಳು ಎದ್ದವು. ಮರ ವಿರಳವಾದ ಆ ನಾಡಿಗೆ ಮನೆ ಕಟ್ಟುವ ಹಲಗೆಯೂ ರೈಲಿನಲ್ಲಿಯೇ ಬರಬೇಕಾಗಿತ್ತು. ರೈಲು ತಪ್ಪಿದರೆ ಮಾರುಕಟ್ಟೆಯೇ ತಪ್ಪಿದಂತೆ.

1865ರಲ್ಲಿ ಅಮೆರಿಕೆಯಲ್ಲಿ ಗುಲಾಮಗಿರಿಯು ಕೊನೆಗೊಂಡಿತು. ಬಿಡುಗಡೆ ದೊರೆತರೂ ದಕ್ಷಿಣದ ಕಪ್ಪು ಜನರಿಗೆ ಭೂಮಿ ದೊರೆಯಲಿಲ್ಲ. ಕಾನ್ಸಾಸಿನಲ್ಲಿ ಸ್ವಂತ ಹೊಲ, ಸ್ವಂತ ಊರು ಉಂಟೆಂಬ ಕರೆಯನ್ನು ಕೇಳಿ 1877ರಲ್ಲಿ ಕೆಂಟಕಿಯಿಂದ ಸುಮಾರು 300 ಮಂದಿ ಹೊರಟರು. ಎಲ್ಲಿಸ್ ಎಂಬ ನಿಲ್ದಾಣದವರೆಗೆ ರೈಲು. ಅಲ್ಲಿಂದ ಮುಂದೆ ಕಾಲ್ನಡಿಗೆ. ಮರುವರ್ಷ ಬಂದ ವಿಲಿಯಾನಾ ಹಿಕ್ಮನ್ ಎಂಬಾಕೆಯು ಊರೆಲ್ಲಿ ಎಂದು ಕೇಳಿದಾಗ, ನೆಲದಿಂದ ಮೇಲೇಳುತ್ತಿದ್ದ ಹೊಗೆಯನ್ನು ಜೊತೆಗಿದ್ದವರು ತೋರಿಸಿದರಂತೆ. ಜನರು ನೆಲದಲ್ಲಿ ತೋಡಿದ ಗುಹೆಗಳಲ್ಲಿ ವಾಸವಾಗಿದ್ದರು! ಆಕೆ ಅತ್ತುಬಿಟ್ಟಳು. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಮೂಲನಿವಾಸಿಗಳು ಆಹಾರವಿತ್ತು ಕಾಪಾಡಿದರೆಂದು ಆ ಊರಿನವರು ಇಂದಿಗೂ ನೆನೆಯುತ್ತಾರೆ.

ಕೆಲವರು ನಿರಾಶರಾಗಿ ಮರಳಿದರು. ಉಳಿದವರು ಹುಲ್ಲುನೆಲವನ್ನು ಅಗೆದು ಬೆಳೆ ತೆಗೆದರು. ಜೆನ್ನಿ ಫ್ಲೆಚರ್ ಎಂಬಾಕೆ ಮಕ್ಕಳಿಗೆ ಪಾಠ ಹೇಳತೊಡಗಿದಳು. ಹತ್ತು ವರ್ಷಗಳೊಳಗಾಗಿ ಅಲ್ಲಿ ಚರ್ಚುಗಳು, ಹೋಟೆಲು, ಬ್ಯಾಂಕು, ಎರಡು ವೃತ್ತಪತ್ರಿಕೆಗಳು ಸಹ ಇದ್ದವು.

ಇನ್ನು ಬೇಕಾದುದು ರೈಲೊಂದೇ. 1887ರಲ್ಲಿ ಅಲ್ಲಿನ ಮತದಾರರು ಮಿಸೌರಿ ಪೆಸಿಫಿಕ್ ಕಂಪೆನಿಯನ್ನು ಬರಮಾಡಿಕೊಳ್ಳಲು 16,000 ಡಾಲರುಗಳ ಸಾಲಪತ್ರಗಳಿಗೆ ಒಪ್ಪಿಗೆಯಿತ್ತರು. ಆದರೆ ಆ ರೈಲು ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಕಂಪೆನಿಯ ದಾರಿಯು ಸಾಲೊಮನ್ ನದಿಯ ಆಚೆಯ ದಡದಲ್ಲಿಯೇ ಸಾಗಿಹೋಯಿತು. ಅಲ್ಲಿ ಬೋಗ್ ಎಂಬ ಹೊಸ ಊರು ಹುಟ್ಟಿತು. ನಿಕೊಡೆಮಸಿನ ವರ್ತಕರು ಒಬ್ಬೊಬ್ಬರಾಗಿ ನದಿ ದಾಟಿದರು. ಬೆವರು ಸುರಿಸಿ ಕಟ್ಟಿದ ಊರು ಕೆಲವೇ ಮೈಲಿಗಳ ಅಂತರದಿಂದ ಸೊರಗಿತು.

ಆದರೂ ಅದು ಅಳಿಯಲಿಲ್ಲ. ಇಂದು ಅಲ್ಲಿ ನೆಲೆಸಿರುವವರು ಕೆಲವೇ ಮಂದಿ. ಆದರೆ ಪ್ರತಿ ವರ್ಷ ಜುಲೈ ತಿಂಗಳ ಕೊನೆಯಲ್ಲಿ, ದೂರದ ನಗರಗಳಿಗೆ ಚದುರಿಹೋದ ಅವರ ಮಕ್ಕಳು ಮೊಮ್ಮಕ್ಕಳು ಬಿಡುಗಡೆಯ ಹಬ್ಬವನ್ನಾಚರಿಸಲು ಅಲ್ಲಿಗೆ ಮರಳುತ್ತಾರೆ. ಹಳೆಯ ಶಾಲೆ, ಎರಡು ಚರ್ಚುಗಳು, ಹೋಟೆಲು, ಊರಿನ ಸಭಾಭವನ ಇವೈದು ಕಟ್ಟಡಗಳುಳ್ಳ ಆ ಊರನ್ನು 1996ರಲ್ಲಿ ಅಲ್ಲಿನ ಸರಕಾರವು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಘೋಷಿಸಿತು.

ಊರನ್ನು ಬಿಟ್ಟು ಬಂದಿರುವ ನಮಗೆ ಈ ಕಥೆ ಪರಕೀಯವೆನಿಸದು. ರೈಲು ಊರನ್ನು ಬೆಳೆಸಬಲ್ಲದು. ಉಳಿಸುವವರು ಮಾತ್ರ ಅದನ್ನು ಮರೆಯದ ಮಕ್ಕಳು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ನಮ್ಮೂರನ್ನು ಕಟ್ಟಿದವರು ಯಾರೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳೋಣ.