ಮೈಲಾರದ ಬಿಲ್ಲು ಚಂದ್ರನ ಮೇಲಿದ್ದರೆ

ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ನಡೆಯುವ ಕಾರ್ಣಿಕವನ್ನು ನಮ್ಮ ವಾಚಕರಲ್ಲಿ ಹಲವರು ಕಣ್ಣಾರೆ ಕಂಡಿರಬಹುದು. ಜನಸಾಗರವು ನೆರೆದಿರುವಾಗ, ಉಪವಾಸವ್ರತದಲ್ಲಿದ್ದ ಗೊರವಯ್ಯನವರು ಎತ್ತರವಾದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ ಎಲ್ಲರನ್ನೂ ಸ್ತಬ್ಧರನ್ನಾಗಿಸಿ, ಒಂದೇ ಒಂದು ಮಾತನ್ನು ನುಡಿದು, ಅಲ್ಲಿಂದ ಕೆಳಕ್ಕೆ ಬೀಳುವರು. ಕೆಳಗೆ ಕಾದು ನಿಂತ ಭಕ್ತರು ತೋಳೊಡ್ಡಿ ಅವರನ್ನು ಹಿಡಿದುಕೊಳ್ಳುವರು. ನುಡಿದ ಮಾತಿನಲ್ಲಿ ಮಳೆಬೆಳೆಗಳ ಸೂಚನೆಯನ್ನು ಅರಸುವವರು ಅರಸಲಿ. ಭೌತಶಾಸ್ತ್ರದ ಉಪಾಧ್ಯಾಯರಾದ ನಮ್ಮ ಗಮನವೆಲ್ಲ ಆ ಬೀಳುವಿಕೆಯ ಮೇಲೆ.

ನಮ್ಮ ತರಗತಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಕಡೆಗಳಿಂದ ಹುಡುಗರು ಬರುತ್ತಾರೆ. ಗುರುತ್ವಾಕರ್ಷಣದ ಪಾಠ ನಡೆದಿದ್ದಾಗ ಒಬ್ಬನು ಎದ್ದುನಿಂತು, “ಸರ್, ಆ ಬಿಲ್ಲು ಚಂದ್ರನ ಮ್ಯಾಲಿದ್ರ ಹಿಡಿಯೋರೇ ಬೇಕಾಗಂಗಿಲ್ಲ ಅಲ್ರಿ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. “ಬೇಕಾಗದು” ಎಂದು ನಾವು ಥಟ್ಟನೆ ಉತ್ತರವಿತ್ತೆವು. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ, ನಮ್ಮ ಉತ್ತರವು ಅರ್ಧ ಮಾತ್ರ ಸರಿಯೆಂದು ತೋರಿತು.

ಲೆಕ್ಕದ ಸೌಕರ್ಯಕ್ಕಾಗಿ ಬಿಲ್ಲಿನ ಎತ್ತರವನ್ನು 15 ಅಡಿ, ಅಂದರೆ ಸುಮಾರು 4.5 ಮೀಟರ್ ಎಂದಿಟ್ಟುಕೊಳ್ಳೋಣ. ಭೂಮಿಯ ಮೇಲೆ ಬೀಳುವ ವಸ್ತುವಿನ ವೇಗವು ಒಂದೊಂದು ಸೆಕೆಂಡು ಕಳೆದಂತೆ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತ ಹೋಗುವುದು. ಈ ಏರಿಕೆಗೆ ವೇಗೋತ್ಕರ್ಷವೆಂದು ಹೆಸರು. ಭೂಮಿಯು ಆವರ್ತಿಸುತ್ತಿರುವುದರಿಂದಲೂ, ನಡುವಿನಲ್ಲಿ ಕೊಂಚ ಉಬ್ಬಿರುವುದರಿಂದಲೂ ಇದು ಧ್ರುವಗಳಲ್ಲಿ 9.83, ಸಮಭಾಜಕ ವೃತ್ತದಲ್ಲಿ 9.78. ನಮ್ಮ ಸೀಮೆಯಲ್ಲಿಯೂ 9.78ರ ಆಸುಪಾಸಿನಲ್ಲೇ ಇದೆ. ಲೋಲಕದ ಪ್ರಯೋಗದಲ್ಲಿ 9.78 ಎಂದು ಬಂದುದನ್ನು ಹೊಡೆದುಹಾಕಿ, ಪುಸ್ತಕದಲ್ಲಿರುವ 9.81ನ್ನೇ ಬರೆದುಕೊಡುವ ವಿದ್ಯಾರ್ಥಿಗಳು ಪ್ರತಿವರ್ಷವೂ ಸಿಗುತ್ತಾರೆ. ಕೈಗೆ ಬಂದ ಸತ್ಯವನ್ನು ಅಳಿಸುವ ಈ ಅಭ್ಯಾಸವು ನಮಗೆ ಎಂದೂ ಹಿಡಿಸಿದ್ದಲ್ಲ.

ಇರಲಿ. ಮೈಲಾರದಲ್ಲಿ 15 ಅಡಿ ಬೀಳಲು ಒಂದು ಸೆಕೆಂಡೂ ಪೂರ್ತಿ ಹಿಡಿಯದು. ಭಕ್ತರ ತೋಳನ್ನು ಸೇರುವಾಗಿನ ವೇಗ ಸೆಕೆಂಡಿಗೆ 9.4 ಮೀಟರ್, ಎಂದರೆ ಗಂಟೆಗೆ ಸುಮಾರು 34 ಕಿಲೋಮೀಟರ್. ತೋಳುಗಳಿಲ್ಲದಿದ್ದರೆ ಎಲುಬು ಮುರಿಯಲು ಇಷ್ಟು ಸಾಕು.

ಚಂದ್ರನ ಮೇಲೆ ವೇಗೋತ್ಕರ್ಷವು 1.62 ಮಾತ್ರ, ನಮ್ಮದರ ಆರನೆಯ ಒಂದು ಪಾಲು. ಅಲ್ಲಿ ಅದೇ ಬಿಲ್ಲಿನಿಂದ ಬೀಳಲು 2.4 ಸೆಕೆಂಡುಗಳು ಬೇಕು. ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ 3.8 ಮೀಟರ್. ಇದು ನಮ್ಮೂರಲ್ಲಿ ಎರಡೂವರೆ ಅಡಿ ಎತ್ತರದ ಕಟ್ಟೆಯಿಂದ ಧುಮುಕಿದ್ದಕ್ಕೆ ಸಮ. ಹುಡುಗನು ಹೇಳಿದ್ದು ಇಷ್ಟರ ಮಟ್ಟಿಗೆ ನಿಜವೇ. (ಅಲ್ಲಿ ಶಬ್ದವನ್ನು ಹೊತ್ತು ತರಲು ವಾಯುವೇ ಇಲ್ಲದುದರಿಂದ ‘ಸದ್ದಲೇ’ ಎನ್ನುವ ಅಗತ್ಯವೂ ಇಲ್ಲ, ನುಡಿದರೆ ಕೇಳಿಸುವಂತೆಯೂ ಇಲ್ಲ.) ಮಂಗಳನ ಮೇಲಾದರೆ ಅದು ಐದೂವರೆ ಅಡಿಯಿಂದ ಬಿದ್ದಂತೆ. ಗುರುಗ್ರಹಕ್ಕೆ ಕಾಲೂರುವ ನೆಲವೇ ಇಲ್ಲ. ಅದರ ಮೋಡಗಳ ಮಟ್ಟದಲ್ಲಿ ಬಿಲ್ಲನ್ನು ನಿಲ್ಲಿಸಿದೆವೆಂದು ಕಲ್ಪಿಸಿದರೆ, 0.6 ಸೆಕೆಂಡಿನಲ್ಲಿ ಮುಗಿಯುವ ಆ ಪತನವು ಇಲ್ಲಿ 37 ಅಡಿಯಿಂದ ಬಿದ್ದಷ್ಟು ಘೋರ.

ಗ್ರಹವು ದೊಡ್ಡದಾದಷ್ಟೂ ಅದರ ಸೆಳೆತ ದೊಡ್ಡದೆಂದು ಇದರಿಂದ ತೀರ್ಮಾನಿಸಬಾರದು. ಗುರುವಿನಲ್ಲಿರುವ ದ್ರವ್ಯವು ಭೂಮಿಯದಕ್ಕಿಂತ 318 ಪಾಲು ಹೆಚ್ಚು. ಹಾಗಾದರೆ ಅಲ್ಲಿನ ಸೆಳೆತವೂ 318 ಪಾಲು ಇರಬೇಡವೇ? ಇಲ್ಲ, ಎರಡೂವರೆ ಪಾಲು ಮಾತ್ರ. ಕಾರಣವೇನೆಂದರೆ, ಗುರುವಿನ ತ್ರಿಜ್ಯವು ಭೂಮಿಯ ತ್ರಿಜ್ಯದ 11.2ರಷ್ಟಿದ್ದು, ಮೇಲ್ಮೈಯಲ್ಲಿರುವವನು ಕೇಂದ್ರದಿಂದ ಅಷ್ಟೂ ದೂರ ಸರಿದುಬಿಡುತ್ತಾನೆ. ದೂರವು ಇಮ್ಮಡಿಸಿದರೆ ಸೆಳೆತವು ಕಾಲುಭಾಗಕ್ಕಿಳಿಯುವುದೆಂಬುದು ನ್ಯೂಟನ್ನನ ನಿಯಮ. 11.2ರ ವರ್ಗವು ಸುಮಾರು 125. 318ನ್ನು 125ರಿಂದ ಭಾಗಿಸಿದರೆ ಎರಡೂವರೆ. ಶನಿಯದು ಇನ್ನೂ ವಿನೋದ. ದ್ರವ್ಯವು ಭೂಮಿಯ 95ರಷ್ಟಿದ್ದರೂ ಅದು ಎಷ್ಟು ಹರಡಿಕೊಂಡಿದೆಯೆಂದರೆ, ಅಲ್ಲಿನ ಸೆಳೆತ ಹೆಚ್ಚುಕಡಿಮೆ ನಮ್ಮದರಷ್ಟೇ. ಮಂಗಳನಲ್ಲಿ ಬುಧನಿಗಿಂತ ಸುಮಾರು ಎರಡರಷ್ಟು ದ್ರವ್ಯವಿದೆ. ಆದರೂ ಕಿರಿದಾಗಿ, ಒತ್ತಾಗಿ ಅಡಕಗೊಂಡಿರುವ ಬುಧನ ಸೆಳೆತವೂ ಮಂಗಳನ ಸೆಳೆತವೂ ಒಂದೇ, ಎರಡೂ 3.7.

ಈ ಸಂಖ್ಯೆಗಳನ್ನು ಓದಿದವರು ಮಾಡುವ ಇನ್ನೊಂದು ತಪ್ಪುಂಟು. ಚಂದ್ರನ ಮೇಲೆ ವಸ್ತುವೇ ಹಗುರವಾಗಿಬಿಡುವುದೆಂದು ಅವರು ಭಾವಿಸುತ್ತಾರೆ. ಹಗರಿಬೊಮ್ಮನಹಳ್ಳಿಯ ಸಂತೆಯ ತಕ್ಕಡಿಯನ್ನೇ ಅಲ್ಲಿಗೊಯ್ದು ಒಂದು ಕಿಲೋ ಶೇಂಗಾ ತೂಗಿದರೆ ಒಂದು ಕಿಲೋವೇ ಬರುವುದು; ಏಕೆಂದರೆ ಶೇಂಗಾದ ಸೆಳೆತ ಕುಗ್ಗಿದಷ್ಟೇ ತೂಕದ ಬಟ್ಟಿನ ಸೆಳೆತವೂ ಕುಗ್ಗಿರುತ್ತದೆ. ಸ್ಪ್ರಿಂಗಿನ ತಕ್ಕಡಿ ಮಾತ್ರ ಸುಮಾರು 165 ಗ್ರಾಂ ತೋರಿಸುವುದು. ಸೆಳೆತ ಬದಲಾಗಿದೆಯೇ ಹೊರತು ದ್ರವ್ಯರಾಶಿಯಲ್ಲ. ಕೊಟ್ಟೂರಿನ ಕೊಟ್ಟೂರೇಶ್ವರನ ರಥವನ್ನು ಚಂದ್ರನ ಬಯಲಿನಲ್ಲಿ ಎಳೆದರೆಂದು ಊಹಿಸೋಣ. ರಥದ ಭಾರ ಆರನೆಯ ಒಂದು ಪಾಲಾಗುವುದು. ಆದರೆ ಒಮ್ಮೆ ಉರುಳತೊಡಗಿದ ರಥದ ರಭಸವು ಎಳ್ಳಷ್ಟೂ ಕಡಿಮೆಯಾಗದು. ಗಾಲಿಯು ನೆಲವನ್ನು ಒತ್ತುವುದೇ ಕಡಿಮೆಯಾದ್ದರಿಂದ ಅದನ್ನು ತಡೆಯುವ ಘರ್ಷಣೆಯೂ ಕಡಿಮೆ. ಗಾಲಿಗೆ ಮರದ ತುಂಡೊಡ್ಡಿ ರಥವನ್ನು ನಿಲ್ಲಿಸುವವರ ಕೆಲಸವು ಅಲ್ಲಿ ಇಲ್ಲಿಗಿಂತ ಕಠಿಣ.

ಈಗ ಹುಡುಗನ ಪ್ರಶ್ನೆಗೆ ಮರಳೋಣ. ಹಿಡಿಯುವವರು ಬೇಕೋ ಬೇಡವೋ ಎಂಬುದು ಸೆಳೆತವೊಂದನ್ನೇ ಅವಲಂಬಿಸಿಲ್ಲ, ಎತ್ತರವನ್ನೂ ಅವಲಂಬಿಸಿದೆ. ಚಂದ್ರಯಾನ-3ರ ವಿಕ್ರಂ ನೌಕೆಯು ಅಂತಿಮ ಇಳಿತವನ್ನು ಆರಂಭಿಸಿದ್ದು ಸುಮಾರು 30 ಕಿಲೋಮೀಟರ್ ಮೇಲಿನಿಂದ. ಅಷ್ಟು ಎತ್ತರದಿಂದ ಸುಮ್ಮನೆ ಕೈಬಿಟ್ಟ ಕಲ್ಲು ಕೂಡ ಚಂದ್ರನ ದುರ್ಬಲ ಸೆಳೆತದಲ್ಲಿಯೇ ಗಂಟೆಗೆ 1100 ಕಿಲೋಮೀಟರಿಗಿಂತ ಹೆಚ್ಚಿನ ವೇಗದಿಂದ ಅಪ್ಪಳಿಸುವುದು. ನೌಕೆಗಾದರೋ ಇದರ ಮೇಲೆ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಮೀರಿದ ಅಡ್ಡವೇಗವೂ ಇತ್ತು. ಅದರ ಕಾಲುಗಳು ತಡೆದುಕೊಳ್ಳಬಲ್ಲದ್ದು ಸೆಕೆಂಡಿಗೆ 3 ಮೀಟರ್. ಮೈಲಾರದ ಬಿಲ್ಲಿನಿಂದ ಚಂದ್ರನ ಮೇಲೆ ಬಿದ್ದರೆ ಬರುವ ವೇಗಕ್ಕಿಂತಲೂ ಕಡಿಮೆ! ವಾಯುವಿಲ್ಲದೆಡೆಯಲ್ಲಿ ಪ್ಯಾರಾಚೂಟು ನಿರುಪಯೋಗಿ. ತೋಳೊಡ್ಡುವ ಭಕ್ತರಿಲ್ಲ. ನೌಕೆಯು ತನ್ನನ್ನು ತಾನೇ ಹಿಡಿದುಕೊಳ್ಳಬೇಕು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಂ ಹಾಗೆ ಹಿಡಿದುಕೊಳ್ಳಲಾರದೆ ನೆಲಕ್ಕಪ್ಪಳಿಸಿತು.

ಆ ನೌಕೆಯ ಸಂವೇದಕಗಳ ಪರೀಕ್ಷೆಗಾಗಿ ಕುಳಿಗಳನ್ನು ತೋಡಿ ಚಂದ್ರನ ನೆಲವನ್ನು ಅಣಿಗೊಳಿಸಿದ್ದು ನಮಗೆ ದೂರವಲ್ಲದ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ. ಸಂವೇದಕಗಳನ್ನು ವಿಮಾನದಲ್ಲಿಟ್ಟು ಆ ಕುಳಿಗಳ ಮೇಲೆ ಹಾರಿಸಿದರು. ನೌಕೆಯನ್ನೇ ಏಕೆ ಅಲ್ಲಿ ಇಳಿಸಿ ನೋಡಲಿಲ್ಲವೆಂದು ವಾಚಕರು ಕೇಳಬಹುದು. ಚಂದ್ರಯಾನ-3ರ ಲೆಕ್ಕವನ್ನೇ ನೋಡೋಣ. ನೌಕೆಯ ದ್ರವ್ಯರಾಶಿ ಸುಮಾರು 1750 ಕಿಲೋಗ್ರಾಂ. ನಾಲ್ಕು ಎಂಜಿನುಗಳ ಒಟ್ಟು ನೂಕು 3200 ನ್ಯೂಟನ್. ನೂರು ಗ್ರಾಮಿನ ವಸ್ತುವನ್ನು ಅಂಗೈಯಲ್ಲಿಟ್ಟಾಗ ತಗಲುವ ಭಾರವೇ ಸುಮಾರು ಒಂದು ನ್ಯೂಟನ್. ಚಂದ್ರನ ಮೇಲೆ ನೌಕೆಯ ಭಾರ ಸುಮಾರು 2800 ನ್ಯೂಟನ್, ನೂಕು ಅದಕ್ಕೆ ಸಾಲುತ್ತದೆ. ಚಳ್ಳಕೆರೆಯಲ್ಲಿ ಅದೇ ಭಾರ 17,000ವನ್ನು ಮೀರುವುದು. ಅಲ್ಲಿ ಆ ಎಂಜಿನುಗಳನ್ನೇ ನಂಬಿ ಇಳಿಸಿದ್ದರೆ ನೌಕೆಯು ಕಲ್ಲಿನಂತೆ ಬೀಳುತ್ತಿತ್ತು.

2023ರ ಆಗಸ್ಟ್ 23ರ ಸಂಜೆ ವಿಕ್ರಂ ಚಂದ್ರನ ಮೇಲೆ ಮೆಲ್ಲನೆ ಕಾಲೂರಿದ್ದನ್ನು ನಾವೂ ವಿದ್ಯಾರ್ಥಿಗಳೂ ಕೂಡಿಯೇ ಕಂಡೆವು. ಬಿಲ್ಲಿನ ಪ್ರಶ್ನೆ ಕೇಳಿದ ಹುಡುಗನಿಗೆ, “ಹದಿನೈದು ಅಡಿಗಾದರೆ ಹಿಡಿಯುವವರು ಬೇಡ, ಮೂವತ್ತು ಕಿಲೋಮೀಟರಿಗಾದರೆ ಬೇಕೇ ಬೇಕು” ಎಂದು ತಿದ್ದಿದ ಉತ್ತರವನ್ನು ನಾವು ಕೊಟ್ಟಿದ್ದೇವೆ. ಸೆಪ್ಟೆಂಬರ್ 3ರಂದು ವಿಕ್ರಂ ತನ್ನ ಎಂಜಿನುಗಳನ್ನು ಮತ್ತೆ ಉರಿಸಿ, ಸುಮಾರು 40 ಸೆಂಟಿಮೀಟರ್ ಮೇಲಕ್ಕೆದ್ದು, ಪಕ್ಕಕ್ಕೆ ಸರಿದು, ಪುನಃ ಕ್ಷೇಮವಾಗಿ ಇಳಿಯಿತು.